ಸಿರಿಯಾ ಅಂತರ್ಯುದ್ಧದಲ್ಲಿ ಆನ್‌ಲೈನ್ ವಿಡಿಯೊಗಳು

ಸಿರಿಯಾ ಅಂತರ್ಯುದ್ಧದ (2011–2024) ಅವಧಿಯಲ್ಲಿ ನಾಗರಿಕರು, ಬಂಡಾಯ ಗುಂಪುಗಳು, ಸೈನಿಕರು ಮತ್ತು ಸರ್ಕಾರಗಳು ಚಿತ್ರೀಕರಿಸಿ ಯೂಟ್ಯೂಬ್, ಫೇಸ್‌ಬುಕ್ ಮೊದಲಾದ ಜಾಲತಾಣಗಳಲ್ಲಿ ಪ್ರಕಟಿಸಿದ ವಿಡಿಯೊಗಳು, ಆಧುನಿಕ ಯುದ್ಧದಲ್ಲಿ ಅಂತರಜಾಲದ ದೃಶ್ಯಾವಳಿ ವಹಿಸುವ ಪಾತ್ರಕ್ಕೆ ಅತ್ಯಂತ ವಿಸ್ತಾರವಾದ ಉದಾಹರಣೆಗಳಲ್ಲಿ ಒಂದಾಗಿವೆ. ಇವು ಮೊದಲು ಸುದ್ದಿಯ ಮೂಲಗಳಾಗಿದ್ದವು. ಆಮೇಲೆ ಪ್ರಚಾರದ ಸಾಧನಗಳಾಗಿ, ಶಸ್ತ್ರಾಸ್ತ್ರ ಪೂರೈಕೆಯ ಲೆಕ್ಕಪತ್ರಗಳಾಗಿ, ಕೊನೆಗೆ ಯುದ್ಧಾಪರಾಧ ಮೊಕದ್ದಮೆಗಳಲ್ಲಿ ಸಾಕ್ಷ್ಯಗಳಾಗಿಯೂ ಬಳಕೆಯಾದವು. ಸಿರಿಯಾದಲ್ಲಿ ಚಿತ್ರೀಕರಣವಾದ ವಿಡಿಯೊಗಳ ಒಟ್ಟು ಅವಧಿಯು ಯುದ್ಧದ ಅವಧಿಗಿಂತಲೂ ಹೆಚ್ಚು ಎಂದು ಹೇಳುವುದುಂಟು. ಆದರೆ ಒಂದು ದೃಶ್ಯವು ಜಗತ್ತಿಗೆ ಕಾಣುವುದು ಬೇರೆ, ಅದು ಪುರಾವೆಯಾಗಿ ನಿಲ್ಲುವುದು ಬೇರೆ. ಸ್ಥಳ, ದಿನಾಂಕ ಮತ್ತು ಮೂಲ ಖಚಿತವಾಗದ ಹೊರತು, ಕಡತವು ಅಳಿಯದೆ ಉಳಿಯದ ಹೊರತು, ವಿಡಿಯೊ ಸಾಕ್ಷ್ಯವಾಗುವುದಿಲ್ಲ. ಸಿರಿಯಾದ ವಿಡಿಯೊಗಳ ಇತಿಹಾಸದ ಬಹುಭಾಗ ಈ ಅಂತರವನ್ನು ದಾಟುವ ಪ್ರಯತ್ನಕ್ಕೆ ಸಂಬಂಧಿಸಿದ್ದು.

ಹಿನ್ನೆಲೆ

ಫೆಬ್ರವರಿ 1982ರಲ್ಲಿ ಅಧ್ಯಕ್ಷ ಹಫೀಜ್ ಅಲ್-ಅಸ್ಸಾದ್‌ರ ಸೇನೆಯು ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯ ದಂಗೆಯನ್ನು ಅಡಗಿಸಲು ಹಮಾ ನಗರವನ್ನು ಸುತ್ತುವರಿದು ಧ್ವಂಸಗೊಳಿಸಿತು. ಸತ್ತವರ ಸಂಖ್ಯೆಯನ್ನು ಬೇರೆ ಬೇರೆ ಮೂಲಗಳು 10,000ದಿಂದ 40,000ದವರೆಗೆ ಅಂದಾಜಿಸುತ್ತವೆ. ಅಂದಾಜುಗಳ ನಡುವೆ ಇಷ್ಟು ದೊಡ್ಡ ವ್ಯತ್ಯಾಸವಿರಲು ಮುಖ್ಯ ಕಾರಣವೆಂದರೆ ಆ ಘಟನೆಯ ಛಾಯಾಚಿತ್ರಗಳಾಗಲಿ ಸ್ವತಂತ್ರ ವರದಿಗಳಾಗಲಿ ಹೆಚ್ಚಾಗಿ ಇಲ್ಲದಿರುವುದು. ಇಡೀ ನಗರವೊಂದರ ದುರಂತವು ಬದುಕುಳಿದವರ ನೆನಪಿನಲ್ಲಷ್ಟೇ ಉಳಿಯಿತು.

ಆ ಕಾಲದವರೆಗೆ ಯುದ್ಧದ ಚಲನಚಿತ್ರಗಳು ವೃತ್ತಿಪರರ ಕೈಯಲ್ಲಿದ್ದವು. ವಿಯೆಟ್ನಾಂ ಯುದ್ಧವು ದೂರದರ್ಶನದ ಮೂಲಕ ಅಮೆರಿಕದ ಮನೆಗಳನ್ನು ತಲುಪಿತ್ತು. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ವಾಹಿನಿಯು ನೇರಪ್ರಸಾರ ಮಾಡಿತು. ಎರಡೂ ಸಂದರ್ಭಗಳಲ್ಲಿ ಏನನ್ನು ಚಿತ್ರೀಕರಿಸಬೇಕು, ಏನನ್ನು ತೋರಿಸಬೇಕು ಎಂಬುದನ್ನು ಸುದ್ದಿಸಂಸ್ಥೆಗಳು ಮತ್ತು ಸೇನೆಗಳು ನಿರ್ಧರಿಸುತ್ತಿದ್ದವು. ಕ್ಯಾಮೆರಾ ಇರುವ ಮೊಬೈಲ್ ಫೋನ್ ಮತ್ತು 2005ರಲ್ಲಿ ಆರಂಭವಾದ ಯೂಟ್ಯೂಬ್ ಈ ಸ್ಥಿತಿಯನ್ನು ಬದಲಿಸಿದವು.

ಸಿರಿಯಾ ಸರ್ಕಾರವು ಫೇಸ್‌ಬುಕ್ ಮತ್ತು ಯೂಟ್ಯೂಬ್‌ಗಳ ಮೇಲೆ ಹೇರಿದ್ದ ನಿರ್ಬಂಧವನ್ನು ಫೆಬ್ರವರಿ 2011ರಲ್ಲಿ ತೆಗೆದುಹಾಕಿತು. ಮರುತಿಂಗಳೇ ದಕ್ಷಿಣದ ದರಾ ನಗರದಲ್ಲಿ ಪ್ರತಿಭಟನೆಗಳು ಆರಂಭವಾದವು. ವಿದೇಶಿ ಪತ್ರಕರ್ತರ ಪ್ರವೇಶವನ್ನು ಸರ್ಕಾರ ಬಹುಮಟ್ಟಿಗೆ ತಡೆದಿದ್ದರಿಂದ, ಪ್ರತಿಭಟನಾಕಾರರೇ ಚಿತ್ರೀಕರಿಸಿದ ಅಲುಗಾಡುವ, ಅಸ್ಪಷ್ಟ ವಿಡಿಯೊಗಳು ಹೊರಜಗತ್ತಿಗೆ ಪ್ರಮುಖ ಮಾಹಿತಿ ಮೂಲವಾದವು. ಅಲ್ ಜಜೀರಾ, ಬಿಬಿಸಿಯಂತಹ ವಾಹಿನಿಗಳು ಸ್ವತಂತ್ರವಾಗಿ ಖಚಿತಪಡಿಸಲು ಸಾಧ್ಯವಾಗಿಲ್ಲ ಎಂಬ ಒಕ್ಕಣೆಯೊಡನೆ ಅವನ್ನು ಪ್ರಸಾರ ಮಾಡುತ್ತಿದ್ದವು.

ಚಿತ್ರೀಕರಿಸಿದವರು

ಆರಂಭದ ವಿಡಿಯೊಗಳನ್ನು ತೆಗೆದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಅಂಗಡಿಕಾರರು ಮತ್ತು ಸಣ್ಣ ನೌಕರರು. ಈ ವಿಡಿಯೊಗಳು ನಕಲಿ ಎಂದು ಸರ್ಕಾರಿ ದೂರದರ್ಶನವು ಹೇಳತೊಡಗಿದಾಗ ಅವರಲ್ಲಿ ಒಂದು ಪದ್ಧತಿ ಬೆಳೆಯಿತು. ಚಿತ್ರೀಕರಿಸುವವನು ಮೊದಲಿಗೆ ಊರಿನ ಹೆಸರು ಮತ್ತು ದಿನಾಂಕವನ್ನು ಗಟ್ಟಿಯಾಗಿ ಹೇಳುತ್ತಿದ್ದನು. ಇಲ್ಲವೇ ಅವನ್ನು ಬರೆದ ಕಾಗದವನ್ನೋ ಆ ದಿನದ ಪತ್ರಿಕೆಯನ್ನೋ ಕ್ಯಾಮೆರಾದ ಮುಂದೆ ಹಿಡಿಯುತ್ತಿದ್ದನು. ಬಳಿಕ ಕ್ಯಾಮೆರಾವನ್ನು ಸುತ್ತಲೂ ತಿರುಗಿಸಿ ಮಸೀದಿಯ ಗೋಪುರ, ವೃತ್ತ ಅಥವಾ ಅಂಗಡಿಯ ಫಲಕವನ್ನು ತೋರಿಸುತ್ತಿದ್ದನು. ನ್ಯಾಯಶಾಸ್ತ್ರದ ತರಬೇತಿ ಇಲ್ಲದವರು ರೂಢಿಸಿಕೊಂಡ ಈ ಕ್ರಮವೇ ವರ್ಷಗಳ ನಂತರ ತನಿಖಾಧಿಕಾರಿಗಳಿಗೆ ಅತ್ಯಂತ ಉಪಯುಕ್ತವಾಯಿತು.

ಅಂತರಜಾಲ ಸಂಪರ್ಕ ಕಡಿತಗೊಂಡ ಊರುಗಳಲ್ಲಿ ಗಡಿಯಾಚೆಯಿಂದ ಕದ್ದು ತಂದ ಉಪಗ್ರಹ ಮೋಡೆಮ್‌ಗಳನ್ನು ಬಳಸಲಾಯಿತು. ಹೋಮ್ಸ್ ನಗರದ ಬಾಬಾ ಅಮ್ರ್ ಬಡಾವಣೆಯ ರಾಮಿ ಅಲ್-ಸಯೀದ್ ಎಂಬ ಯುವಕನು ಸ್ವೀಡನ್ ಮೂಲದ ಬಾಂಬ್ಯೂಸರ್ ಎಂಬ ಸೇವೆಯ ಮೂಲಕ ಫಿರಂಗಿ ದಾಳಿಯನ್ನು ನೇರಪ್ರಸಾರ ಮಾಡಿದನು. ಯೂಟ್ಯೂಬ್‌ನಲ್ಲಿ ಸುಮಾರು 800 ವಿಡಿಯೊಗಳನ್ನು ಪ್ರಕಟಿಸಿದ್ದ ಅವನು ಫೆಬ್ರವರಿ 21, 2012ರಂದು ಶೆಲ್ ದಾಳಿಯಲ್ಲಿ ಮೃತಪಟ್ಟನು. ಮರುದಿನ ಅದೇ ಬಡಾವಣೆಯಲ್ಲಿ ಬ್ರಿಟನ್ನಿನ ಸಂಡೇ ಟೈಮ್ಸ್ ಪತ್ರಿಕೆಯ ವರದಿಗಾರ್ತಿ ಮೇರಿ ಕೋಲ್ವಿನ್ ಮತ್ತು ಫ್ರೆಂಚ್ ಛಾಯಾಗ್ರಾಹಕ ರೆಮಿ ಒಶ್ಲಿಕ್ ಹತರಾದರು. ಕೋಲ್ವಿನ್ ಸಾವಿಗೆ ಸಿರಿಯಾ ಸರ್ಕಾರವೇ ಹೊಣೆ ಎಂದು ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ ತೀರ್ಪು ನೀಡಿತು. ಅಲ್-ಸಯೀದ್‌ನಂತೆ ಸತ್ತ ಸ್ಥಳೀಯರ ವಿಷಯದಲ್ಲಿ ಇಂತಹ ತೀರ್ಪುಗಳು ಅಪರೂಪ.

ವಿಡಿಯೊ ತೆಗೆದವನಿಗಷ್ಟೇ ಅಲ್ಲ, ಅದರಲ್ಲಿ ಕಾಣಿಸಿಕೊಂಡವರಿಗೂ ಅಪಾಯವಿತ್ತು. ಪ್ರತಿಭಟನೆಯಲ್ಲಿ ಮುಖ ಕಂಡವರನ್ನು ಗುಪ್ತಚರ ಇಲಾಖೆ ಗುರುತಿಸಿ ಬಂಧಿಸಬಹುದಿತ್ತು. ಆದ್ದರಿಂದ ಅನೇಕರು ಗುಂಪಿನ ಹಿಂಭಾಗದಿಂದ ಚಿತ್ರೀಕರಿಸುತ್ತಿದ್ದರು. ಜುಲೈ 2012ರಲ್ಲಿ ಯೂಟ್ಯೂಬ್ ಮುಖಗಳನ್ನು ಮಸುಕುಗೊಳಿಸುವ ಸೌಲಭ್ಯವನ್ನು ಒದಗಿಸಿತು. ಇಲ್ಲೊಂದು ಇಕ್ಕಟ್ಟು ಇದೆ: ಮಸುಕುಗೊಳಿಸಿದ ಮುಖವು ಜೀವವನ್ನು ಉಳಿಸಬಹುದು, ಆದರೆ ಸಾಕ್ಷಿಯನ್ನು ಮುಂದೆ ಪತ್ತೆಹಚ್ಚುವುದು ಕಷ್ಟವಾಗುತ್ತದೆ.

ಯುದ್ಧ ಮುಂದುವರಿದಂತೆ ಹವ್ಯಾಸಿಗಳ ಜಾಗದಲ್ಲಿ ಸಂಘಟಿತ ಮಾಧ್ಯಮ ಕೇಂದ್ರಗಳು ಬಂದವು. ‘ವೈಟ್ ಹೆಲ್ಮೆಟ್ಸ್’ ಎಂದು ಹೆಸರಾದ ಸಿರಿಯಾ ನಾಗರಿಕ ರಕ್ಷಣಾ ದಳದ ಕಾರ್ಯಕರ್ತರು ಹೆಲ್ಮೆಟ್‌ಗೆ ಅಳವಡಿಸಿದ ಕ್ಯಾಮೆರಾಗಳಿಂದ ರಕ್ಷಣಾ ಕಾರ್ಯಗಳನ್ನು ದಾಖಲಿಸಿದರು. ಅಲೆಪ್ಪೊದ ವಾದ್ ಅಲ್-ಕತೇಬ್ ಐದು ವರ್ಷಗಳ ಕಾಲ ಚಿತ್ರೀಕರಿಸಿದ ದೃಶ್ಯಗಳಿಂದ ರೂಪುಗೊಂಡ ‘ಫಾರ್ ಸಮಾ’ (2019) ಸಾಕ್ಷ್ಯಚಿತ್ರವು ಬಾಫ್ಟಾ ಪ್ರಶಸ್ತಿ ಪಡೆದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಸಶಸ್ತ್ರ ಗುಂಪುಗಳು ಮತ್ತು ಸರ್ಕಾರಗಳ ಬಳಕೆ

‘ಫ್ರೀ ಸಿರಿಯನ್ ಆರ್ಮಿ’ಯ ಸ್ಥಾಪನೆಯನ್ನು ಸೇನೆ ತೊರೆದು ಬಂದ ಕರ್ನಲ್ ರಿಯಾದ್ ಅಲ್-ಅಸಾದ್ ಜುಲೈ 29, 2011ರಂದು ಒಂದು ವಿಡಿಯೊದ ಮೂಲಕವೇ ಘೋಷಿಸಿದರು. ಆ ಬಳಿಕ ಪ್ರತಿಯೊಂದು ಹೊಸ ತುಕಡಿಯೂ ಇದೇ ಮಾದರಿಯನ್ನು ಅನುಸರಿಸಿತು. ಬಂದೂಕುಧಾರಿಗಳು ಸಾಲಾಗಿ ನಿಲ್ಲುತ್ತಾರೆ, ಹಿಂದೆ ಧ್ವಜವಿರುತ್ತದೆ, ನಾಯಕನು ಹೇಳಿಕೆಯನ್ನು ಓದುತ್ತಾನೆ. ಸೇನೆ ತೊರೆದ ಸೈನಿಕರು ತಮ್ಮ ಗುರುತಿನ ಚೀಟಿಯನ್ನು ಕ್ಯಾಮೆರಾಗೆ ಹಿಡಿದು ಹೆಸರು, ದರ್ಜೆ ಹೇಳುತ್ತಿದ್ದರು. ಇವು ಪ್ರಚಾರಕ್ಕಷ್ಟೇ ಸೀಮಿತವಾಗಿರಲಿಲ್ಲ. ಹೊರದೇಶಗಳ ದಾನಿಗಳಿಗೆ ತಮ್ಮ ಹಣ ಯಾವ ಗುಂಪನ್ನು ತಲುಪಿದೆ, ಆ ಗುಂಪು ಏನು ಮಾಡುತ್ತಿದೆ ಎಂಬುದನ್ನು ತೋರಿಸುವ ಬಗೆಯೂ ಇದೇ ಆಗಿತ್ತು.

ಇದರ ಅತ್ಯಂತ ಸ್ಪಷ್ಟ ರೂಪವು ಟೌ ಕ್ಷಿಪಣಿಗಳ ವಿಷಯದಲ್ಲಿ ಕಾಣುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಮಿತ್ರರಾಷ್ಟ್ರಗಳ ಜೊತೆಗೂಡಿ ಆಯ್ದ ಬಂಡಾಯ ಗುಂಪುಗಳಿಗೆ ಈ ಟ್ಯಾಂಕ್ ನಿರೋಧಕ ಕ್ಷಿಪಣಿಗಳನ್ನು ಒದಗಿಸಿತು. ಪ್ರತಿ ಪ್ರಯೋಗವನ್ನೂ ಚಿತ್ರೀಕರಿಸಿ ತೋರಿಸಬೇಕು, ಖಾಲಿ ಕೊಳವೆಗಳನ್ನು ಹಿಂದಿರುಗಿಸಬೇಕು ಎಂಬ ಷರತ್ತು ಇತ್ತೆಂದು ಹಲವು ವರದಿಗಳು ತಿಳಿಸಿವೆ. ಕ್ಷಿಪಣಿ ಹಾರುವ, ಟ್ಯಾಂಕ್ ಸ್ಫೋಟಿಸುವ ನೂರಾರು ವಿಡಿಯೊಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡುದರ ಹಿಂದೆ ಈ ಲೆಕ್ಕದ ಅಗತ್ಯವೂ ಇತ್ತು. ಅಂದರೆ ವಿಡಿಯೊ ಒಂದು ರಸೀದಿಯಾಗಿ ಕೆಲಸ ಮಾಡಿತು. ಸಂಶೋಧಕರು ಅದೇ ವಿಡಿಯೊಗಳನ್ನು ಎಣಿಸಿ ಯಾವ ಗುಂಪಿಗೆ ಪೂರೈಕೆ ಹೆಚ್ಚಾಗಿದೆ, ಯಾವುದಕ್ಕೆ ನಿಂತಿದೆ ಎಂದು ಊಹಿಸುತ್ತಿದ್ದರು.

‘ಇಸ್ಲಾಮಿಕ್ ಸ್ಟೇಟ್’ ಸಂಘಟನೆಯು ವಿಡಿಯೊವನ್ನು ಭೀತಿ ಹುಟ್ಟಿಸಲು ಮತ್ತು ಹೊಸಬರನ್ನು ಸೆಳೆಯಲು ಬಳಸಿತು. ಆಗಸ್ಟ್ 2014ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ಫೋಲಿಯ ಹತ್ಯೆಯ ವಿಡಿಯೊ ಪ್ರಕಟವಾದ ಬಳಿಕ ಜಾಲತಾಣಗಳು ಇಂತಹ ವಸ್ತುವಿಷಯವನ್ನು ತೆಗೆದುಹಾಕುವ ನೀತಿಯನ್ನು ಬಿಗಿಗೊಳಿಸತೊಡಗಿದವು. ಈ ಪ್ರಚಾರದ ಎಳೆಯೊಂದು ಬೆಂಗಳೂರಿನವರೆಗೂ ಚಾಚಿತ್ತು. ಸಂಘಟನೆಯ ಸುದ್ದಿ ಮತ್ತು ಪ್ರಚಾರವನ್ನು ಹರಡುತ್ತಿದ್ದ ‘ಶಮಿ ವಿಟ್ನೆಸ್’ ಎಂಬ ಪ್ರಭಾವಿ ಟ್ವಿಟರ್ ಖಾತೆಯನ್ನು ನಡೆಸುತ್ತಿದ್ದವನು ಬೆಂಗಳೂರಿನ ಖಾಸಗಿ ಸಂಸ್ಥೆಯ ಉದ್ಯೋಗಿ ಎಂಬುದನ್ನು ಬ್ರಿಟನ್ನಿನ ಚಾನೆಲ್ 4 ಬಹಿರಂಗಪಡಿಸಿದ ನಂತರ, ಡಿಸೆಂಬರ್ 2014ರಲ್ಲಿ ನಗರದ ಪೊಲೀಸರು ಅವನನ್ನು ಬಂಧಿಸಿದರು. ಯುದ್ಧಭೂಮಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಬಾಡಿಗೆ ಕೋಣೆಯಲ್ಲಿ ಕುಳಿತು ಯುದ್ಧದ ಪ್ರಚಾರದಲ್ಲಿ ಪಾಲ್ಗೊಳ್ಳಬಹುದು ಎಂಬುದಕ್ಕೆ ಇದು ಆರಂಭದ ನಿದರ್ಶನಗಳಲ್ಲಿ ಒಂದು.

ಸೆಪ್ಟೆಂಬರ್ 30, 2015ರಂದು ವಾಯುದಾಳಿ ಆರಂಭಿಸಿದ ರಷ್ಯಾದ ರಕ್ಷಣಾ ಸಚಿವಾಲಯವು ದಾಳಿಗಳ ವಿಡಿಯೊಗಳನ್ನು ತನ್ನ ಯೂಟ್ಯೂಬ್ ವಾಹಿನಿಯಲ್ಲಿ ನಿಯಮಿತವಾಗಿ ಪ್ರಕಟಿಸಿತು. ಸ್ವತಂತ್ರ ಪರಿಶೀಲಕರು ಅವುಗಳಲ್ಲಿನ ರಸ್ತೆ ಮತ್ತು ಕಟ್ಟಡಗಳನ್ನು ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿದಾಗ, ಇಸ್ಲಾಮಿಕ್ ಸ್ಟೇಟ್ ನೆಲೆಗಳ ಮೇಲಿನ ದಾಳಿ ಎಂದು ಹೇಳಲಾಗಿದ್ದ ಹಲವು ವಿಡಿಯೊಗಳು ಆ ಸಂಘಟನೆಯ ಹಿಡಿತವಿಲ್ಲದ ಪ್ರದೇಶಗಳವು ಎಂದು ತಿಳಿದುಬಂತು. ಸರ್ಕಾರವೊಂದು ಹೆಮ್ಮೆಯಿಂದ ತೋರಿಸಿದ ದೃಶ್ಯವೇ ಅದರ ಹೇಳಿಕೆಯನ್ನು ಅಲ್ಲಗಳೆದಿತ್ತು. ನವೆಂಬರ್ 2017ರಲ್ಲಿ ಅದೇ ಸಚಿವಾಲಯವು ಅಮೆರಿಕವು ಉಗ್ರರಿಗೆ ನೆರವಾಗುತ್ತಿದೆ ಎಂಬುದಕ್ಕೆ ‘ನಿರಾಕರಿಸಲಾಗದ ಪುರಾವೆ’ಯೆಂದು ಪ್ರಕಟಿಸಿದ ಚಿತ್ರಗಳಲ್ಲಿ ಒಂದು ಮೊಬೈಲ್ ಆಟವೊಂದರ ದೃಶ್ಯವಾಗಿತ್ತು. ತಪ್ಪು ಬೆಳಕಿಗೆ ಬಂದಾಗ ಹೊಣೆಯನ್ನು ನಾಗರಿಕ ನೌಕರನೊಬ್ಬನ ಮೇಲೆ ಹೊರಿಸಲಾಯಿತು.

ಪರಿಶೀಲನೆಯ ವಿಧಾನಗಳು

ಸಿರಿಯಾದ ವಿಡಿಯೊಗಳ ಪರಿಶೀಲನೆಯಲ್ಲಿ ಮೊದಲು ಹೆಸರಾದವರು ಬ್ರಿಟನ್ನಿನ ಲೆಸ್ಟರ್ ನಗರದ ಎಲಿಯಟ್ ಹಿಗ್ಗಿನ್ಸ್. ಅರಬ್ಬಿ ಭಾಷೆ ತಿಳಿಯದ, ಸೇನಾ ಅನುಭವವಿಲ್ಲದ, ಸಿರಿಯಾಕ್ಕೆ ಹೋಗದ ಅವರು 2012ರಲ್ಲಿ ‘ಬ್ರೌನ್ ಮೋಸೆಸ್’ ಎಂಬ ಹೆಸರಿನಲ್ಲಿ ಬರೆಯಲು ಆರಂಭಿಸಿ, ದಿನವೂ ನೂರಾರು ಯೂಟ್ಯೂಬ್ ವಾಹಿನಿಗಳನ್ನು ನೋಡಿ ಅವುಗಳಲ್ಲಿ ಕಾಣುವ ಆಯುಧಗಳನ್ನು ಪಟ್ಟಿಮಾಡುತ್ತಿದ್ದರು. 2013ರ ಆರಂಭದಲ್ಲಿ ದರಾ ಪ್ರಾಂತ್ಯದ ಬಂಡುಕೋರರ ಬಳಿ ಅಲ್ಲಿಯವರೆಗೆ ಕಾಣಿಸದಿದ್ದ, ಹಿಂದಿನ ಯುಗೊಸ್ಲಾವಿಯಾದಲ್ಲಿ ತಯಾರಾದ ಆಯುಧಗಳನ್ನು ಅವರು ಗುರುತಿಸಿದರು. ಸೌದಿ ಅರೇಬಿಯಾದ ಹಣದಿಂದ ಕ್ರೊಯೇಷಿಯಾದಲ್ಲಿ ಖರೀದಿಯಾದ ಶಸ್ತ್ರಾಸ್ತ್ರಗಳು ಸಿರಿಯಾ ತಲುಪುತ್ತಿವೆ ಎಂಬ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗೆ ಈ ಸುಳಿವು ನೆರವಾಯಿತು. ಜುಲೈ 2014ರಲ್ಲಿ ಹಿಗ್ಗಿನ್ಸ್ ಬೆಲ್ಲಿಂಗ್‌ಕ್ಯಾಟ್ ಸಂಸ್ಥೆಯನ್ನು ಸ್ಥಾಪಿಸಿದರು.

ಪರಿಶೀಲನೆಯ ಕ್ರಮವು ತತ್ತ್ವದಲ್ಲಿ ಸರಳ, ಆಚರಣೆಯಲ್ಲಿ ದೀರ್ಘ. ಮೊದಲಿಗೆ ವಿಡಿಯೊ ಹಿಂದೆಲ್ಲಾದರೂ ಪ್ರಕಟವಾಗಿತ್ತೇ ಎಂದು ಹುಡುಕಲಾಗುತ್ತದೆ. ಹಳೆಯ ದೃಶ್ಯವನ್ನು ಹೊಸದೆಂದು ಹಂಚುವುದೇ ಅತ್ಯಂತ ಸಾಮಾನ್ಯವಾದ ವಂಚನೆ. ಆನಂತರ ಸ್ಥಳ ನಿರ್ಧಾರ. ಮಸೀದಿಯ ಗೋಪುರಗಳ ಸಂಖ್ಯೆ, ನೀರಿನ ತೊಟ್ಟಿ, ರಸ್ತೆಯ ತಿರುವು, ದೂರದ ಬೆಟ್ಟದ ಅಂಚು ಇತ್ಯಾದಿಗಳನ್ನು ಉಪಗ್ರಹ ಚಿತ್ರದೊಂದಿಗೆ ಹೊಂದಿಸಿ ಕ್ಯಾಮೆರಾ ನಿಂತಿದ್ದ ಜಾಗವನ್ನು ಗುರುತಿಸಲಾಗುತ್ತದೆ. ನೆರಳಿನ ದಿಕ್ಕು ಮತ್ತು ಉದ್ದದಿಂದ ಹೊತ್ತನ್ನು ಅಂದಾಜಿಸಬಹುದು. ಒಂದೇ ಸ್ಫೋಟವನ್ನು ಬೇರೆ ಬೇರೆ ಕಡೆಗಳಿಂದ ಚಿತ್ರೀಕರಿಸಿದ ವಿಡಿಯೊಗಳಿದ್ದರೆ ಅವು ಒಂದನ್ನೊಂದು ಸಮರ್ಥಿಸುತ್ತವೆ. ಮೂಲ ಕಡತದಲ್ಲಿ ಅಡಗಿರುವ ದಿನಾಂಕ, ಸಾಧನದ ವಿವರ ಮೊದಲಾದ ಮಾಹಿತಿಯನ್ನು ಯೂಟ್ಯೂಬ್‌ನಂತಹ ತಾಣಗಳು ಅಪ್‌ಲೋಡ್ ಆಗುವಾಗ ತೆಗೆದುಹಾಕುವುದರಿಂದ, ಸಾಧ್ಯವಾದಲ್ಲಿ ಚಿತ್ರೀಕರಿಸಿದವರಿಂದಲೇ ಮೂಲ ಪ್ರತಿಯನ್ನು ಪಡೆಯಲು ಯತ್ನಿಸಲಾಗುತ್ತದೆ.

ಈ ಕ್ರಮವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನವೆಂಬರ್ 2014ರ ಪ್ರಕರಣವೊಂದು ಉದಾಹರಣೆ. ಗುಂಡಿನ ಸುರಿಮಳೆಯ ನಡುವೆ ಬಾಲಕನೊಬ್ಬ ಬಾಲಕಿಯನ್ನು ರಕ್ಷಿಸುವ ವಿಡಿಯೊವನ್ನು ಲಕ್ಷಾಂತರ ಜನ ನೋಡಿದರು, ಹಲವು ಸುದ್ದಿಸಂಸ್ಥೆಗಳು ಹಂಚಿದವು. ಅದನ್ನು ನಾರ್ವೆಯ ನಿರ್ದೇಶಕರೊಬ್ಬರು ನಟರನ್ನು ಬಳಸಿ ಮಾಲ್ಟಾ ದೇಶದಲ್ಲಿ ಚಿತ್ರೀಕರಿಸಿದ್ದರು. ಯುದ್ಧದಲ್ಲಿ ಮಕ್ಕಳ ಸ್ಥಿತಿಯ ಬಗ್ಗೆ ಚರ್ಚೆ ಹುಟ್ಟಿಸುವುದು ತಮ್ಮ ಉದ್ದೇಶವೆಂದು ಅವರು ವಿವರಿಸಿದರು. ನಿಜವಾದ ವಿಡಿಯೊಗಳನ್ನೂ ನಾಟಕವೆಂದು ತಳ್ಳಿಹಾಕಲು ಕಾದಿದ್ದವರಿಗೆ ಇದರಿಂದ ಸುಲಭದ ವಾದವೊಂದು ದೊರೆತದ್ದೇ ಹೆಚ್ಚು.

ಘೌತಾ ದಾಳಿ, 2013

ಆಗಸ್ಟ್ 21, 2013ರ ನಸುಕಿನಲ್ಲಿ ದಮಾಸ್ಕಸ್ ಹೊರವಲಯದ ಘೌತಾ ಪ್ರದೇಶದ ಮೇಲೆ ರಾಸಾಯನಿಕ ಅಸ್ತ್ರಗಳನ್ನು ಹೊತ್ತ ರಾಕೆಟ್‌ಗಳ ದಾಳಿ ನಡೆಯಿತು. ಬೆಳಗಾಗುವಷ್ಟರಲ್ಲಿ ಹತ್ತಾರು ವಿಡಿಯೊಗಳು ಯೂಟ್ಯೂಬ್‌ನಲ್ಲಿದ್ದವು. ಗಾಯದ ಗುರುತಿಲ್ಲದ ಶವಗಳ ಸಾಲುಗಳು, ಉಸಿರಾಡಲು ಒದ್ದಾಡುವ ಮಕ್ಕಳು, ಬಾಯಲ್ಲಿ ನೊರೆ, ಸೂಜಿಯ ಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆಗಳು ಅವುಗಳಲ್ಲಿ ಕಂಡುಬಂದವು. ಇವು ನರಮಂಡಲಕ್ಕೆ ಮಾರಕವಾದ ವಿಷದ ಲಕ್ಷಣಗಳು ಎಂದು ವೈದ್ಯರು ದೂರದಿಂದಲೇ ಗುರುತಿಸಿದರು.

ವಿಡಿಯೊಗಳು ದಾಳಿಗಿಂತ ಮೊದಲೇ ಪ್ರಕಟವಾಗಿವೆ, ಆದ್ದರಿಂದ ಇದು ಪೂರ್ವಯೋಜಿತ ನಾಟಕ ಎಂಬ ವಾದವನ್ನು ರಷ್ಯಾದ ವಿದೇಶಾಂಗ ಸಚಿವಾಲಯ ಸೇರಿದಂತೆ ಕೆಲವರು ಮುಂದಿಟ್ಟರು. ಕೆಲವು ವಿಡಿಯೊಗಳ ಕೆಳಗೆ ಆಗಸ್ಟ್ 20 ಎಂಬ ದಿನಾಂಕ ಇದ್ದುದು ನಿಜ. ಆದರೆ ಯೂಟ್ಯೂಬ್ ಆಗ ಅಪ್‌ಲೋಡ್ ದಿನಾಂಕವನ್ನು ಕ್ಯಾಲಿಫೋರ್ನಿಯಾದ ಕಾಲಮಾನದಂತೆ ತೋರಿಸುತ್ತಿತ್ತು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ದಮಾಸ್ಕಸ್‌ಗಿಂತ 10 ಗಂಟೆ ಹಿಂದಿರುತ್ತದೆ. ದಮಾಸ್ಕಸ್‌ನಲ್ಲಿ 21ರ ಬೆಳಗಿನ 4 ಗಂಟೆಗೆ ಏರಿಸಿದ ವಿಡಿಯೊಗೆ 20ರ ಸಂಜೆ 6 ಗಂಟೆಯ ಮುದ್ರೆ ಬೀಳುತ್ತದೆ. ಇಷ್ಟು ಸರಳವಾದ ವಿವರಣೆ ಇದ್ದರೂ ಆ ವಾದವು ಇಂದಿಗೂ ಅಲ್ಲಲ್ಲಿ ಮರುಕಳಿಸುತ್ತದೆ.

ಆಗಸ್ಟ್ 30ರಂದು ಅಮೆರಿಕ ಸರ್ಕಾರವು ಪ್ರಕಟಿಸಿದ ಮೌಲ್ಯಮಾಪನದಲ್ಲಿ ದಾಳಿಗೆ ಸಂಬಂಧಿಸಿದ 100 ವಿಡಿಯೊಗಳನ್ನು ಗುರುತಿಸಿರುವುದಾಗಿ ಹೇಳಿ, ಸತ್ತವರ ಸಂಖ್ಯೆ 1,429 ಎಂದಿತು. ಫ್ರಾನ್ಸ್‌ನ ಗುಪ್ತಚರ ಸಂಸ್ಥೆಗಳು ವಿಡಿಯೊಗಳನ್ನಷ್ಟೇ ಆಧರಿಸಿ ಮಾಡಿದ ಎಣಿಕೆಯಲ್ಲಿ ಸುಮಾರು 281 ಸಾವುಗಳು ಖಚಿತವಾದವು. ಗಡಿರಹಿತ ವೈದ್ಯರ ಸಂಸ್ಥೆಯು ತನ್ನ ನೆರವು ಪಡೆಯುತ್ತಿದ್ದ ಮೂರು ಆಸ್ಪತ್ರೆಗಳಿಗೆ ಬಂದ ಸುಮಾರು 3,600 ರೋಗಿಗಳಲ್ಲಿ 355 ಮಂದಿ ಮೃತಪಟ್ಟರೆಂದು ತಿಳಿಸಿತು. ಕ್ಯಾಮೆರಾ ಕಂಡಷ್ಟನ್ನೇ ಎಣಿಸಬಲ್ಲದು ಎಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಓಕೆ ಸೆಲ್‌ಸ್ಟ್ರೋಮ್ ನೇತೃತ್ವದ ವಿಶ್ವಸಂಸ್ಥೆಯ ತನಿಖಾ ತಂಡವು ಆ ಹೊತ್ತಿಗೆ ಬೇರೆ ಘಟನೆಗಳ ತನಿಖೆಗಾಗಿ ದಮಾಸ್ಕಸ್‌ನಲ್ಲಿಯೇ ಇತ್ತು. ಸ್ಥಳಕ್ಕೆ ಭೇಟಿ ನೀಡಿ ಮಣ್ಣು, ರಕ್ತ ಮತ್ತು ರಾಕೆಟ್ ಅವಶೇಷಗಳ ಮಾದರಿಗಳನ್ನು ಸಂಗ್ರಹಿಸಿದ ತಂಡವು ಸೆಪ್ಟೆಂಬರ್ 16ರಂದು ವರದಿ ಸಲ್ಲಿಸಿ, ನೆಲದಿಂದ ನೆಲಕ್ಕೆ ಹಾರುವ ರಾಕೆಟ್‌ಗಳ ಮೂಲಕ ಸರಿನ್ ಬಳಕೆಯಾಗಿದೆ ಎಂದು ದೃಢಪಡಿಸಿತು. ದಾಳಿಗೆ ಯಾರು ಹೊಣೆ ಎಂದು ಹೇಳುವ ಅಧಿಕಾರ ಅದಕ್ಕಿರಲಿಲ್ಲ. ಬಿದ್ದ ರಾಕೆಟ್‌ಗಳ ವಿಡಿಯೊಗಳನ್ನು ಹಿಂದಿನ ದಾಳಿಗಳ ವಿಡಿಯೊಗಳೊಂದಿಗೆ ಹೋಲಿಸಿ ಹಿಗ್ಗಿನ್ಸ್ ಮತ್ತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಗಳು ಇವು ಸರ್ಕಾರಿ ಪಡೆಗಳ ಬಳಿಯಿದ್ದ ಮಾದರಿಗಳು ಎಂಬ ನಿರ್ಣಯಕ್ಕೆ ಬಂದವು. ಸಿರಿಯಾ ಸರ್ಕಾರವು ಆರೋಪವನ್ನು ನಿರಾಕರಿಸಿತು. ಅಮೆರಿಕದ ಸೇನಾ ದಾಳಿಯ ಸಾಧ್ಯತೆ ಎದುರಾದಾಗ ರಷ್ಯಾದ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಗಿ, ಸಿರಿಯಾ ತನ್ನ ರಾಸಾಯನಿಕ ಅಸ್ತ್ರಗಳನ್ನು ಒಪ್ಪಿಸಲು ಸಮ್ಮತಿಸಿತು. ಆದರೂ ಏಪ್ರಿಲ್ 4, 2017ರಂದು ಖಾನ್ ಶೇಖೂನ್ ಪಟ್ಟಣದಲ್ಲಿ ಮತ್ತೆ ಸರಿನ್ ಬಳಕೆಯಾಯಿತು. ಅದಕ್ಕೆ ಸಿರಿಯಾ ಸರ್ಕಾರವೇ ಕಾರಣವೆಂದು ವಿಶ್ವಸಂಸ್ಥೆ ಮತ್ತು ರಾಸಾಯನಿಕ ಅಸ್ತ್ರ ನಿಷೇಧ ಸಂಘಟನೆಯ ಜಂಟಿ ತನಿಖೆ ಹೇಳಿತು.

ಅಳಿಸುವಿಕೆ ಮತ್ತು ಸಂರಕ್ಷಣೆ

ಸಿರಿಯಾದ ಯುದ್ಧದ ದೃಶ್ಯ ದಾಖಲೆಯ ಬಹುಪಾಲು ಯಾವ ಸರ್ಕಾರಿ ಪತ್ರಾಗಾರದಲ್ಲಿಯೂ ಇರಲಿಲ್ಲ. ಅದು ಅಮೆರಿಕದ ಕೆಲವು ಖಾಸಗಿ ಕಂಪನಿಗಳ ಸರ್ವರ್‌ಗಳಲ್ಲಿತ್ತು. ಇದರ ಪರಿಣಾಮ 2017ರಲ್ಲಿ ಎದ್ದುಕಂಡಿತು. ಆ ವರ್ಷ ಯೂಟ್ಯೂಬ್ ಉಗ್ರವಾದಿ ವಸ್ತುವಿಷಯವನ್ನು ತಾನಾಗಿಯೇ ಗುರುತಿಸುವ ಯಂತ್ರಕಲಿಕೆಯ ವ್ಯವಸ್ಥೆಯನ್ನು ಜಾರಿಗೆ ತಂದಿತು. ಕೊಲೆಯನ್ನು ಮೆರೆಸುವ ವಿಡಿಯೊಗೂ ಕೊಲೆಯನ್ನು ದಾಖಲಿಸುವ ವಿಡಿಯೊಗೂ ಇರುವ ವ್ಯತ್ಯಾಸ ಆ ವ್ಯವಸ್ಥೆಗೆ ತಿಳಿಯಲಿಲ್ಲ. ಸ್ಥಳೀಯ ಸುದ್ದಿ ಗುಂಪುಗಳ ವಾಹಿನಿಗಳು ಮುಚ್ಚಿಹೋಗಿ ಸಾವಿರಾರು ವಿಡಿಯೊಗಳು ಮರೆಯಾದವು. ವಾಯುದಾಳಿಗಳ ಸಾವುನೋವುಗಳನ್ನು ದಾಖಲಿಸುವ ಏರ್‌ವಾರ್ಸ್ ಮತ್ತು ಬೆಲ್ಲಿಂಗ್‌ಕ್ಯಾಟ್ ಸಂಸ್ಥೆಗಳ ವಿಡಿಯೊಗಳೂ ಇದಕ್ಕೆ ತುತ್ತಾದವು. ದೂರುಗಳ ನಂತರ ಕೆಲವನ್ನು ಮರಳಿಸಲಾಯಿತು. ಆದರೆ ಮೇಲ್ಮನವಿ ಸಲ್ಲಿಸಬೇಕಾದ ವಾಹಿನಿಯ ಒಡೆಯನು ಸತ್ತಿದ್ದರೆ ಅಥವಾ ಸೆರೆಯಲ್ಲಿದ್ದರೆ ಮನವಿ ಸಲ್ಲಿಸುವವರೇ ಇರುತ್ತಿರಲಿಲ್ಲ.

ಇಂತಹ ನಷ್ಟವನ್ನು ತಡೆಯಲೆಂದು ಹಾದಿ ಅಲ್-ಖತೀಬ್ ಮತ್ತು ಸಂಗಡಿಗರು 2014ರಲ್ಲಿ ‘ಸಿರಿಯನ್ ಆರ್ಕೈವ್’ ಎಂಬ ಯೋಜನೆಯನ್ನು ಆರಂಭಿಸಿದ್ದರು. ಬರ್ಲಿನ್‌ನಲ್ಲಿ ನೆಲೆಗೊಂಡ ಈ ಯೋಜನೆಯು ಸಾವಿರಾರು ಮೂಲಗಳಿಂದ ಲಕ್ಷಾಂತರ ವಿಡಿಯೊಗಳನ್ನು ಇಳಿಸಿಕೊಂಡು ಕಾಪಾಡುತ್ತದೆ. ಪ್ರತಿ ಕಡತಕ್ಕೂ ಹ್ಯಾಶ್ ಎಂಬ ಗಣಿತೀಯ ಸಂಖ್ಯೆಯನ್ನು ಲೆಕ್ಕಹಾಕಿ ದಾಖಲಿಸಲಾಗುತ್ತದೆ. ಕಡತದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಈ ಸಂಖ್ಯೆ ಬದಲಾಗುವುದರಿಂದ, ಸಂಗ್ರಹಿಸಿದ ದಿನದಿಂದ ಯಾರೂ ಅದನ್ನು ತಿದ್ದಿಲ್ಲ ಎಂದು ಹಲವು ವರ್ಷಗಳ ನಂತರವೂ ತೋರಿಸಬಹುದು. ಯೋಜನೆಯ ಮಾತೃಸಂಸ್ಥೆಯಾದ ನೆಮೋನಿಕ್ ಮುಂದೆ ಯೆಮೆನ್, ಸುಡಾನ್ ಮತ್ತು ಉಕ್ರೇನ್‌ಗಳಿಗೂ ಇಂತಹ ಸಂಗ್ರಹಗಳನ್ನು ಸ್ಥಾಪಿಸಿತು.

ಉಗ್ರವಾದದ ವಿಡಿಯೊಗಳನ್ನು ಬೇಗ ತೆಗೆಯಬೇಕೆಂಬ ಒತ್ತಡ ಅಸಮಂಜಸವೇನಲ್ಲ. ಐರೋಪ್ಯ ಒಕ್ಕೂಟವು 2021ರಲ್ಲಿ ಅಂಗೀಕರಿಸಿದ ನಿಯಮದ ಪ್ರಕಾರ, ಆದೇಶ ಬಂದ ಒಂದು ಗಂಟೆಯೊಳಗೆ ಭಯೋತ್ಪಾದಕ ವಸ್ತುವಿಷಯವನ್ನು ತೆಗೆಯಬೇಕು. ಆದರೆ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮಾಡುವುದು ಮತ್ತು ಶಾಶ್ವತವಾಗಿ ಅಳಿಸುವುದು ಒಂದೇ ಅಲ್ಲ ಎಂಬುದು ಸಂಗ್ರಹಕಾರರ ವಾದ.

ನ್ಯಾಯಾಲಯಗಳಲ್ಲಿ

ಚಲನಚಿತ್ರವನ್ನು ಯುದ್ಧಾಪರಾಧದ ಸಾಕ್ಷ್ಯವಾಗಿ ಬಳಸುವುದು ಹೊಸತಲ್ಲ. ನವೆಂಬರ್ 29, 1945ರಂದು ನ್ಯೂರೆಂಬರ್ಗ್ ನ್ಯಾಯಮಂಡಳಿಯ ಮುಂದೆ ನಾಜಿ ಯಾತನಾ ಶಿಬಿರಗಳ ಚಿತ್ರವನ್ನು ಪ್ರದರ್ಶಿಸಲಾಗಿತ್ತು. ಆದರೆ ಅದನ್ನು ತೆಗೆದವರು ಮಿತ್ರಸೇನೆಗಳ ಛಾಯಾಗ್ರಾಹಕರು, ಅವರು ಪ್ರಮಾಣಪತ್ರ ನೀಡಬಲ್ಲವರಾಗಿದ್ದರು. ಅನಾಮಧೇಯರು ಏರಿಸಿದ ವಿಡಿಯೊಗಳಿಗೆ ಆ ಅನುಕೂಲವಿರಲಿಲ್ಲ.

ಸಿರಿಯಾ ರೋಮ್ ಶಾಸನಕ್ಕೆ ಸಹಿ ಹಾಕಿ ದೃಢೀಕರಿಸಿದ ದೇಶವಲ್ಲವಾದ್ದರಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಅಲ್ಲಿ ನೇರ ಅಧಿಕಾರವಿರಲಿಲ್ಲ. ಪ್ರಕರಣವನ್ನು ಆ ನ್ಯಾಯಾಲಯಕ್ಕೆ ಒಪ್ಪಿಸುವ ಭದ್ರತಾ ಮಂಡಳಿಯ ನಿರ್ಣಯವನ್ನು ಮೇ 22, 2014ರಂದು ರಷ್ಯಾ ಮತ್ತು ಚೀನಾ ವಿಟೊ ಚಲಾಯಿಸಿ ತಡೆದವು. ಡಿಸೆಂಬರ್ 2016ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಸಾಕ್ಷ್ಯ ಸಂಗ್ರಹಕ್ಕೆಂದೇ ಒಂದು ಪ್ರತ್ಯೇಕ ವ್ಯವಸ್ಥೆಯನ್ನು ಸ್ಥಾಪಿಸಿತು. ವಿಚಾರಣೆಗಳು ಮಾತ್ರ ಜರ್ಮನಿ, ಸ್ವೀಡನ್, ಫ್ರಾನ್ಸ್ ಮೊದಲಾದ ದೇಶಗಳ ನ್ಯಾಯಾಲಯಗಳಲ್ಲಿ ಸಾರ್ವತ್ರಿಕ ನ್ಯಾಯಾಧಿಕಾರ ತತ್ತ್ವದಡಿ ನಡೆದವು.

ಸ್ವೀಡನ್‌ನ ಒಂದು ಪ್ರಕರಣ ಗಮನಾರ್ಹ. ಸೆರೆಸಿಕ್ಕ ಏಳು ಮಂದಿ ಸರ್ಕಾರಿ ಸೈನಿಕರನ್ನು ಬಂಡುಕೋರರು ಗುಂಡಿಟ್ಟು ಕೊಲ್ಲುವ ವಿಡಿಯೊವನ್ನು ನ್ಯೂಯಾರ್ಕ್ ಟೈಮ್ಸ್ 2013ರಲ್ಲಿ ಪ್ರಕಟಿಸಿತ್ತು. ಕೊಂದವರಲ್ಲಿ ಒಬ್ಬನು ನಿರಾಶ್ರಿತನಾಗಿ ಸ್ವೀಡನ್ ಸೇರಿದ್ದನು. ಬಂಡುಕೋರರ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು ಜಾರಿಗೊಳಿಸಿದೆನೆಂದು ಅವನು ವಾದಿಸಿದನು. ಆದರೆ ಸೈನಿಕರು ಸೆರೆಸಿಕ್ಕ ಎರಡು ದಿನಗಳೊಳಗೇ ಹತ್ಯೆ ನಡೆದಿತ್ತೆಂದು ಸಾಬೀತಾಯಿತು. ಅಷ್ಟು ಕಡಿಮೆ ಸಮಯದಲ್ಲಿ ನ್ಯಾಯಬದ್ಧ ವಿಚಾರಣೆ ನಡೆದಿರಲು ಸಾಧ್ಯವಿಲ್ಲವೆಂದು ಪರಿಗಣಿಸಿದ ಸ್ಟಾಕ್‌ಹೋಮ್ ನ್ಯಾಯಾಲಯವು ಫೆಬ್ರವರಿ 2017ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಸರ್ಕಾರದ ವಿರೋಧಿಗಳ ಅಪರಾಧವೂ ವಿಡಿಯೊದಿಂದಲೇ ಶಿಕ್ಷೆಗೆ ಒಳಗಾದ ಪ್ರಕರಣವಿದು.

ಅದೇ ವರ್ಷ ಆಗಸ್ಟ್ 15ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್-ವೆರ್ಫಲ್ಲಿಯ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಬೆಂಗಾಜಿ ಪ್ರದೇಶದ ಏಳು ಘಟನೆಗಳಲ್ಲಿ 33 ಮಂದಿಯ ಹತ್ಯೆಯ ಆರೋಪ ಅದರಲ್ಲಿತ್ತು. ಬಹುಮಟ್ಟಿಗೆ ಸಾಮಾಜಿಕ ಜಾಲತಾಣಗಳ ವಿಡಿಯೊಗಳನ್ನು ಆಧರಿಸಿ ಆ ನ್ಯಾಯಾಲಯ ಹೊರಡಿಸಿದ ಮೊದಲ ವಾರಂಟ್ ಇದೆಂದು ಪರಿಗಣಿಸಲಾಗಿದೆ. ಅಲ್-ವೆರ್ಫಲ್ಲಿಯನ್ನು ಎಂದಿಗೂ ನ್ಯಾಯಾಲಯಕ್ಕೆ ಒಪ್ಪಿಸಲಾಗಲಿಲ್ಲ. 2021ರಲ್ಲಿ ಬೆಂಗಾಜಿಯಲ್ಲಿ ಅವನ ಹತ್ಯೆಯಾಯಿತು. ಡಿಸೆಂಬರ್ 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಶಾಖೆಯ ಮಾನವ ಹಕ್ಕುಗಳ ಕೇಂದ್ರಗಳು ‘ಬರ್ಕಲಿ ಪ್ರೋಟೊಕಾಲ್’ ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿ, ಅಂತರಜಾಲದ ಸಾಕ್ಷ್ಯವನ್ನು ಸಂಗ್ರಹಿಸುವ ಮತ್ತು ಕಾಪಾಡುವ ಕ್ರಮಗಳನ್ನು ನಿರೂಪಿಸಿದವು.

ಮಿತಿಗಳು ಮತ್ತು ಟೀಕೆ

ವಿಡಿಯೊಗಳಲ್ಲಿ ಕಾಣುವವರ ಒಪ್ಪಿಗೆಯ ಪ್ರಶ್ನೆ ಬಗೆಹರಿದಿಲ್ಲ. ಆಗಸ್ಟ್ 2016ರಲ್ಲಿ ಅಲೆಪ್ಪೊದ ಆಂಬುಲೆನ್ಸ್‌ನಲ್ಲಿ ಧೂಳು, ರಕ್ತ ಮೆತ್ತಿದ ಮುಖದೊಂದಿಗೆ ಸುಮ್ಮನೆ ಕುಳಿತಿದ್ದ ಪುಟ್ಟ ಬಾಲಕನ ದೃಶ್ಯ ಜಗತ್ತಿನಾದ್ಯಂತ ಪ್ರಸಾರವಾಯಿತು. ಮರುವರ್ಷ ಸರ್ಕಾರದ ಪರವಾದ ಮಾಧ್ಯಮಗಳಲ್ಲಿ ಕಾಣಿಸಿಕೊಂಡ ಅವನ ತಂದೆ, ಮಗನ ಚಿತ್ರವನ್ನು ಪ್ರಚಾರಕ್ಕೆ ಬಳಸಿಕೊಂಡರೆಂದು ದೂರಿದರು. ಸರ್ಕಾರದ ಹಿಡಿತದ ಪ್ರದೇಶದಲ್ಲಿದ್ದ ಆ ಕುಟುಂಬ ಎಷ್ಟು ಮುಕ್ತವಾಗಿ ಮಾತನಾಡಬಹುದಿತ್ತು ಎಂಬ ಪ್ರಶ್ನೆಯೂ ಎದ್ದಿತು. ಮಗುವಿನ ಅನುಮತಿಯನ್ನಂತೂ ಎರಡೂ ಕಡೆಯವರು ಕೇಳಿರಲಿಲ್ಲ.

ಇನ್ನೊಂದು ಮಿತಿ ಚಿತ್ರೀಕರಣವಾಗದ ಸಂಗತಿಗಳದ್ದು. ಬಾಂಬ್ ದಾಳಿ ಕ್ಯಾಮೆರಾಗೆ ಸಿಗುತ್ತದೆ, ಮುತ್ತಿಗೆಯಿಂದ ನಿಧಾನವಾಗಿ ಹಸಿದು ಸಾಯುವುದು ಅಷ್ಟಾಗಿ ಸಿಗುವುದಿಲ್ಲ. ಇಸ್ಲಾಮಿಕ್ ಸ್ಟೇಟ್ ಹಿಡಿತದ ರಖ್ಖಾದಲ್ಲಿ ಗುಟ್ಟಾಗಿ ಚಿತ್ರೀಕರಿಸುವುದು ಮರಣದಂಡನೆಗೆ ಕಾರಣವಾಗುತ್ತಿತ್ತು. ಸರ್ಕಾರಿ ಸೆರೆಮನೆಗಳೊಳಗೆ ಹೊರಗಿನವರ ಕ್ಯಾಮೆರಾ ಹೋಗಲೇ ಇಲ್ಲ. ಅಲ್ಲಿನ ಸಾವುಗಳು ಬೆಳಕಿಗೆ ಬಂದದ್ದು ‘ಸೀಸರ್’ ಎಂಬ ಗುಪ್ತನಾಮದ ಸೇನಾ ಛಾಯಾಗ್ರಾಹಕನು ಹೊರಸಾಗಿಸಿದ ಸುಮಾರು 53,000 ಛಾಯಾಚಿತ್ರಗಳಿಂದ. ಸೈದ್ನಾಯಾ ಸೆರೆಮನೆಯಲ್ಲಿ ಕೈದಿಗಳನ್ನು ಕತ್ತಲಲ್ಲಿ, ಕಣ್ಣು ಕಟ್ಟಿ ಇರಿಸಲಾಗುತ್ತಿತ್ತು. 2016ರಲ್ಲಿ ಲಂಡನ್ನಿನ ಫೊರೆನ್ಸಿಕ್ ಆರ್ಕಿಟೆಕ್ಚರ್ ಸಂಸ್ಥೆ ಮತ್ತು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಗಳು ಬಿಡುಗಡೆಯಾದ ಕೈದಿಗಳ ನೆನಪಿನಲ್ಲಿದ್ದ ಬಾಗಿಲು, ಹೆಜ್ಜೆ, ಹೊಡೆತಗಳ ಸದ್ದನ್ನು ಆಧರಿಸಿ ಆ ಕಟ್ಟಡದ ಮಾದರಿಯನ್ನು ಮರುರಚಿಸಿದವು.

ನಂತರದ ಯುದ್ಧಗಳು

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ಣಪ್ರಮಾಣದ ದಾಳಿ ಆರಂಭಿಸಿದಾಗ ಸಿರಿಯಾದಲ್ಲಿ ರೂಪುಗೊಂಡ ಪರಿಶೀಲನಾ ವಿಧಾನಗಳು ಸಿದ್ಧವಾಗಿದ್ದವು. ವಿಡಿಯೊಗಳ ಮುಖ್ಯ ನೆಲೆ ಯೂಟ್ಯೂಬ್‌ನಿಂದ ಟೆಲಿಗ್ರಾಂಗೆ ಬದಲಾಯಿತು, ಡ್ರೋನ್‌ಗಳು ದಾಳಿಯ ಆಯುಧವೂ ಅದನ್ನು ಚಿತ್ರೀಕರಿಸುವ ಕ್ಯಾಮೆರಾವೂ ಆದವು. ವಂಚನೆಯ ಬಗೆಗಳೂ ಮುಂದುವರಿದವು. ‘ಆರ್ಮಾ 3’ ಎಂಬ ಗಣಕಯಂತ್ರ ಆಟದ ದೃಶ್ಯಗಳನ್ನು ನೈಜ ಯುದ್ಧವೆಂದು ಹಂಚುವುದು ಎಷ್ಟು ಹೆಚ್ಚಾಯಿತೆಂದರೆ, ಅದರ ತಯಾರಕರಾದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆಯು ನವೆಂಬರ್ 2022ರಲ್ಲಿ ಅಂತಹ ವಿಡಿಯೊಗಳನ್ನು ಗುರುತಿಸುವ ಬಗೆಯನ್ನು ವಿವರಿಸಿ ಹೇಳಿಕೆ ನೀಡಿತು. ಮೇ 2025ರ ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿಯೂ ಆಟಗಳ ದೃಶ್ಯಗಳು ಮತ್ತು ಬೇರೆ ಯುದ್ಧಗಳ ಹಳೆಯ ವಿಡಿಯೊಗಳು ಎರಡೂ ದೇಶಗಳಲ್ಲಿ ವ್ಯಾಪಕವಾಗಿ ಹರಡಿದವು.

ಡಿಸೆಂಬರ್ 8, 2024ರಂದು ಬಶರ್ ಅಲ್-ಅಸ್ಸಾದ್ ಆಡಳಿತ ಪತನವಾದಾಗ ಜನರು ಸೈದ್ನಾಯಾ ಸೆರೆಮನೆಯ ಬಾಗಿಲುಗಳನ್ನು ಒಡೆದು ಒಳನುಗ್ಗುವ, ಕೋಣೆಗಳಲ್ಲಿ ಕಾಣೆಯಾದ ಬಂಧುಗಳಿಗಾಗಿ ಹುಡುಕುವ ವಿಡಿಯೊಗಳು ಗಂಟೆಗಳೊಳಗೆ ಅಂತರಜಾಲದಲ್ಲಿ ಪ್ರಕಟವಾದವು. ಅದೇ ವಿಡಿಯೊಗಳಲ್ಲಿ ಸೆರೆಮನೆಯ ದಾಖಲೆಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದು ಜನರ ಕಾಲಡಿಗೆ ಸಿಲುಕಿರುವುದೂ ಕಂಡುಬಂದಿತು. ದಾಖಲೆಗಳನ್ನು ತುಳಿಯಬಾರದು, ಒಯ್ಯಬಾರದು, ಇದ್ದಲ್ಲಿಯೇ ಕಾಪಾಡಬೇಕು ಎಂದು ಮಾನವ ಹಕ್ಕುಗಳ ಸಂಘಟನೆಗಳು ಆ ವಾರವೇ ಮನವಿ ಮಾಡಿದವು.